ಕಾಣುವ ಹಾಗೆ ರಫೂ

ಭಾನುವಾರ ಬೆಳಗ್ಗೆ ಏಳೂವರೆಗೆ ಸರಿಯಾಗಿ ಎದುರಿನ ಕಾಫಿ ಅಂಗಡಿಯ ಮುಂದೆ ಹದಿನೈದು ಸೈಕಲ್ಲುಗಳು ಬಂದು ನಿಲ್ಲುತ್ತಿದ್ದವು. ಅವುಗಳಿಂದ ಇಳಿಯುವವರನ್ನು ನೋಡುವುದಕ್ಕೆಂದೇ ರಫೂ ಅಕ್ಕ ಭಾನುವಾರವೂ ಅಂಗಡಿ ತೆರೆಯುತ್ತಿದ್ದಳು. ರಜೆಯ ದಿನ ಹರಿದ ಬಟ್ಟೆ ಹಿಡಿದುಕೊಂಡು ಯಾರೂ ಬರುವುದಿಲ್ಲ ಎಂದು ಅವಳಿಗೇನು ಗೊತ್ತಿಲ್ಲದೆ ಇರಲಿಲ್ಲ. ಆದರೂ ಕಿಟಕಿ ತೆಗೆದು, ಬೆಳಕಿಗೆ ಸ್ಟೂಲು ಎಳೆದುಕೊಂಡು, ಯಾವುದೋ ಕೋಟಿನ ತೋಳನ್ನು ನೆಪಕ್ಕೆ ತೊಡೆಯ ಮೇಲೆ ಹರಡಿಕೊಂಡು ಕೂರುವಳು. ವಾರಪೂರ್ತಿ ಸೂಜಿಯ ಮೊನೆ ನೋಡಿ ಸೋತ ಕಣ್ಣಿಗೆ ಅದೊಂದು ಪುಕ್ಕಟೆ ಮನರಂಜನೆ.

ಹದಿನೈದು ಜನಕ್ಕೂ ಒಂದೇ ನಿಂಬೆಹಣ್ಣಿನ ಬಣ್ಣದ ಅಂಗಿ. ಅಂಗಿ ಅನ್ನುವುದೂ ಹೆಚ್ಚಾಯಿತು, ಮೈಗೆ ಬಳಿದ ಬಣ್ಣ ಅಂದರೆ ಸರಿ. ವಾರವಿಡೀ ಆಫೀಸಿನ ಮೇಜಿನ ಹಿಂದೆ ಮರ್ಯಾದೆಯಾಗಿ ಅಡಗಿಕೊಂಡಿದ್ದ ಹೊಟ್ಟೆಗಳೆಲ್ಲ ಅವತ್ತು ಬೀದಿಗೆ ಬಂದು ಗಾಳಿ ಸೇವಿಸುತ್ತಿದ್ದವು. ಕೆಳಗೆ ತೊಡೆಗೆ ಅಂಟಿದ ಕರಿ ಚಡ್ಡಿ, ಚಡ್ಡಿಯ ಹಿಂಭಾಗಕ್ಕೆ ಒಳಗಿನಿಂದ ಹೊಲಿದ ದಿಂಬು. ತೊಟ್ಟಿಲ ಕೂಸಿಗೆ ಕಟ್ಟುವ ಬಟ್ಟೆಗೂ ಅದಕ್ಕೂ ಇದ್ದ ವ್ಯತ್ಯಾಸ ಏನೆಂದು ಅಕ್ಕನಿಗೆ ಇವತ್ತಿಗೂ ತಿಳಿದಿಲ್ಲ. ಬೂಟಿನ ಅಡಿಗೆ ಲೋಹದ ತುಂಡು ಇರುವುದರಿಂದ ನೆಲಕ್ಕಿಳಿದ ಕೂಡಲೇ ಟಕ್ ಟಕ್ ಎಂದು ಬಾತುಕೋಳಿಯ ನಡಿಗೆ ಶುರುವಾಗುತ್ತಿತ್ತು. ಕಾಫಿ ಅಂಗಡಿಯ ಮೂರು ಮೆಟ್ಟಿಲು ಹತ್ತಲು ಒಬ್ಬರ ಹೆಗಲು ಒಬ್ಬರು ಹಿಡಿಯಬೇಕು. ಇಂಥವರು ಬೆಟ್ಟ ಹತ್ತಿ ಬಂದೆವು ಅನ್ನುತ್ತಿದ್ದರು.

"ಮನೆಯಿಂದ ಕಾಫಿವರೆಗೆ ಹೋಗೋಕೆ ಇಷ್ಟು ವೇಷ ಬೇಕಾ?" ಎಂದು ಅವಳು ಮಗಳನ್ನು ಕೇಳುವಳು.

ಮಗಳು ದೊಡ್ಡಾಸ್ಪತ್ರೆಯ ಡ್ರೆಸಿಂಗ್ ಕೋಣೆಯಲ್ಲಿ ನರ್ಸು. ವಯಸ್ಸು ಮೂವತ್ತೊಂದು. ದಿನಾ ಬೆಳಗ್ಗೆ ಬೂದು ಬಣ್ಣದ ಪ್ಯಾಂಟಿನ ಬಲಗಾಲಿನ ಅಂಚನ್ನು ಮಡಚಿ, ಬಟ್ಟೆ ಒಣಗಿಸುವ ಕ್ಲಿಪ್ಪು ಕಚ್ಚಿಸಿ, ಒಂಬತ್ತು ಕಿಲೋಮೀಟರು ತುಳಿದು ಕೆಲಸಕ್ಕೆ ಹೋಗುವಳು, ಸಂಜೆ ಒಂಬತ್ತು ಕಿಲೋಮೀಟರು ತುಳಿದು ಬರುವಳು. ಅವಳನ್ನು ಯಾರೂ ಸೈಕಲ್ ಸವಾರಳು ಅನ್ನಲಿಲ್ಲ. ಕೆಲಸಕ್ಕೆ ಹೋಗುವ ಹುಡುಗಿ ಅಂದರು, ಅಷ್ಟೆ. ಅಕ್ಕನ ಲೆಕ್ಕದಲ್ಲಿ ನಿಜವಾದ ಸೈಕಲ್ಲಿನವರು ಅಂಥವರೇ. ಅವರನ್ನು ಗುರುತು ಹಿಡಿಯಲು ಅವಳಿಗೆ ಮುಖ ಬೇಕಿರಲಿಲ್ಲ, ಪ್ಯಾಂಟು ಸಾಕಿತ್ತು. ಚೈನು ಇರುವುದು ಬಲಗಡೆ. ಆದ್ದರಿಂದ ಬಲಗಾಲಿನ ಅಂಚಿನಲ್ಲಿ ಎಣ್ಣೆಮಸಿಯ ಹಲ್ಲಿನ ಗುರುತು, ಒಂದೆರಡು ಕಡೆ ಕಚ್ಚಿದ ತೂತು. ಕೂರುವ ಜಾಗದಲ್ಲಿ ಎರಡು ಮೊಟ್ಟೆಯಾಕಾರದ ಸವಕಲು. ಅಂಚೆಯಣ್ಣನ ಖಾಕಿ ಪ್ಯಾಂಟಿನ ಬಲಗಾಲನ್ನು ಅವಳು ಹನ್ನೊಂದು ಸಲ ರಫೂ ಮಾಡಿದ್ದಾಳೆ. ಹನ್ನೊಂದು ಸಲವೂ ಎಲ್ಲಿ ಹರಿದಿತ್ತು ಎಂದು ಅವನಿಗೇ ಹುಡುಕಲು ಆಗಿಲ್ಲ.

ಅವಳ ಕಸುಬು ಅದೇ. ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು, ಹರಿದ ಜಾಗದ ಅಡಿಗೆ ಸುಟ್ಟುಹೋದ ಹಳೇ ಬಲ್ಬೊಂದನ್ನು ಇಟ್ಟು, ಉಬ್ಬಿದ ಗಾಜಿನ ಮೇಲೆ ಒಂದೊಂದೇ ಎಳೆ ಕೂಡಿಸುವುದು. ಕಂಡರೆ ಅದು ತೇಪೆ, ಕಾಣದಿದ್ದರೆ ರಫೂ. ಕೆಲಸ ಕಲಿಸಿದ ಅವಳ ಅಮ್ಮ ಇನ್ನೂ ಒಂದು ಕಟ್ಟಳೆ ಹಾಕಿಕೊಟ್ಟಿದ್ದಳು: ಬಟ್ಟೆ ಹೇಗೆ ಹರಿಯಿತು ಎಂದು ಕೇಳಬಾರದು, ಗೊತ್ತಾದರೂ ಇನ್ನೊಬ್ಬರಿಗೆ ಹೇಳಬಾರದು. ಹರಿದ ಬಟ್ಟೆ ನೋಡಿದವಳಿಗೆ ಮನೆಮನೆಯ ಜಗಳ ಗೊತ್ತಾಗುತ್ತದೆ. ಮೂವತ್ತು ವರ್ಷ ಅಕ್ಕ ಅದನ್ನು ಮೀರಿರಲಿಲ್ಲ. ಬೇರೆಲ್ಲ ವಿಷಯದಲ್ಲೂ ಅಕ್ಕನಿಗೂ ಮಗಳಿಗೂ ನಡುವೆ ಮುಚ್ಚುಮರೆ ಇರಲಿಲ್ಲ. ಗಂಡ ತೀರಿಹೋದ ಮೇಲೆ ಮನೆಯಲ್ಲಿ ಇದ್ದದ್ದೇ ಇಬ್ಬರು. ಸಂಜೆ ಊಟಕ್ಕೆ ಕೂತರೆ ಮಗಳು ಅಂದಿನ ಗಾಯಗಳನ್ನೂ ತಾಯಿ ಅಂದಿನ ಗಿರಾಕಿಗಳ ಪೆದ್ದುತನವನ್ನೂ ಹೇಳಿಕೊಂಡು ನಗುವರು. ಆ ನಗು ಒಂದಿದ್ದರೆ ತನಗೆ ಬೇರೇನೂ ಬೇಡ ಎಂದು ಅಕ್ಕ ಬಾಯಿಬಿಟ್ಟೇ ಹೇಳುತ್ತಿದ್ದಳು.

ನಿಂಬೆಹಣ್ಣಿನವರ ಪೈಕಿ ಮೊದಲು ಅಂಗಡಿಗೆ ಬಂದದ್ದು ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವವನು. ಕ್ಯಾಪ್ಟನ್ ಆಗಿದ್ದು ಯಾವ ಹಡಗಿಗೂ ಅಲ್ಲ, ಈ ಕ್ಲಬ್ಬಿಗೆ. ಸೋಮವಾರದಿಂದ ಶನಿವಾರದವರೆಗೆ ಸ್ನಾನದಮನೆಯ ಟೈಲ್ಸು ಮಾರುತ್ತಿದ್ದ. ಬೆಟ್ಟದ ಇಳಿಜಾರಿನ ತಿರುವಿನಲ್ಲಿ ಬಿದ್ದೆ, ಮೂರು ಪಲ್ಟಿ ಹೊಡೆದೆ, ದೇವರು ದೊಡ್ಡವನು ಎಂದು ಅಂಗಿ ಮುಂದೆ ಚಾಚಿದ. ಭುಜದ ಹತ್ತಿರ ಹರಿದಿತ್ತು. ಅಕ್ಕ ಒಮ್ಮೆ ಬೆರಳಾಡಿಸಿದಳು. ಇಂಥ ಪಾಲಿಯೆಸ್ಟರ್ ಬಟ್ಟೆ ಡಾಂಬರಿಗೆ ಉಜ್ಜಿದರೆ ಎಳೆಗಳ ತುದಿ ಕರಗಿ ಸಾಸಿವೆಯಷ್ಟು ಗಂಟುಗಳಾಗುತ್ತವೆ, ಗಂಟಿನೊಳಗೆ ಮಣ್ಣು ಸೇರಿರುತ್ತದೆ. ಇಲ್ಲಿ ಗಂಟೂ ಇಲ್ಲ, ಮಣ್ಣೂ ಇಲ್ಲ. ಕತ್ತರಿಸಿದ ಹಾಗೆ ಚೊಕ್ಕವಾಗಿ ಮೂಲೆ ಹರಿದಿತ್ತು. ಗೇಟಿನ ಕೊಕ್ಕೆಗೋ ಮೊಳೆಗೋ ಸಿಕ್ಕಿದ್ದು. ಅಕ್ಕ ಕಟ್ಟಳೆಯ ಪ್ರಕಾರ ತುಟಿ ಪಿಟಕ್ಕೆನ್ನದೆ ಕೆಲಸ ಮಾಡಿ ಕೊಟ್ಟಳು.

ಮೂರನೇ ದಿನ ಕ್ಯಾಪ್ಟನ್ ಬಂದು ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಮುಖ ಇಳಿದುಹೋಯಿತು.

"ಹರಿದಿದ್ದು ಎಲ್ಲಿ?"

"ಇಲ್ಲ. ಅದಕ್ಕೇ ತಾನೇ ನನ್ ಹತ್ರ ಕೊಟ್ಟಿದ್ದು?"

"ಹಾಗಲ್ಲ ಅಕ್ಕಾ. ಬಿದ್ದಿದ್ದು ಗೊತ್ತಾಗ್ಬೇಕಲ್ಲ. ಸ್ವಲ್ಪ ಕಾಣೋ ಹಾಗೆ ಮಾಡಿ. ಕೆಂಪು ದಾರ ಹಾಕಿದ್ರೆ ಹೇಗೆ?"

ಮೂವತ್ತು ವರ್ಷದಲ್ಲಿ ಯಾರೂ ಅವಳಿಗೆ ಹೀಗೆ ಅವಮಾನ ಮಾಡಿರಲಿಲ್ಲ. ತನ್ನ ಕೈಯಾರೆ ಕೂಡಿಸಿದ ಎಳೆಗಳನ್ನು ತಾನೇ ಬಿಚ್ಚಿ, ಕೆಂಪು ದಾರದಲ್ಲಿ ಎದ್ದು ಕಾಣುವ ಹಾಗೆ ಹೊಲಿದು ಅವನ ಕಡೆ ಎಸೆದಳು. ಮುಂದಿನ ಭಾನುವಾರ ಕಿಟಕಿಯಿಂದ ನೋಡಿದರೆ ಕ್ಯಾಪ್ಟನ್ ಭುಜವನ್ನು ಮುಂದೆ ಮಾಡಿಕೊಂಡೇ ಕಾಫಿ ಕುಡಿಯುತ್ತಿದ್ದ. ಇನ್ನೊಂದು ತಿಂಗಳಲ್ಲಿ ಕೆಂಪು ರಫೂ ಅನ್ನುವುದು ಕ್ಲಬ್ಬಿನಲ್ಲಿ ಪದಕದ ಹಾಗೆ ಆಗಿಹೋಯಿತು. ಒಬ್ಬೊಬ್ಬರಾಗಿ ಹರಿದ ಅಂಗಿ ಹಿಡಿದು ಬಂದರು. ಒಬ್ಬನಿಗೆ ಲಾರಿ ಸವರಿತ್ತಂತೆ, ಇನ್ನೊಬ್ಬನಿಗೆ ನಾಯಿ ಅಡ್ಡ ಬಂತಂತೆ. ಹನ್ನೊಂದು ಅಂಗಿಗಳಲ್ಲಿ ಡಾಂಬರು ಕಂಡಿದ್ದವು ನಾಲ್ಕೇ. ಉಳಿದವೆಲ್ಲ ಬಾಗಿಲು, ಬೇಲಿ, ಮತ್ತು ಒಂದಂತೂ ಖಂಡಿತ ಅಡುಗೆಮನೆಯ ಕತ್ತರಿ. ಅಕ್ಕ ಕಟ್ಟಳೆ ಮೀರದೆ ಹೊಟ್ಟೆಯೊಳಗೇ ನಕ್ಕಳು.

ಆಮೇಲೆ ಕನ್ನಡಕದವನು ಬಂದ. ಮೂರನೇ ಬೀದಿಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವವನು, ಕ್ಲಬ್ಬಿಗೆ ಹೊಸಬ. ಎಲ್ಲರಿಗಿಂತ ಹಿಂದೆ ಬರುತ್ತಿದ್ದ, ಎಲ್ಲರಿಗಿಂತ ಮೆಲ್ಲಗೆ ಇಳಿಯುತ್ತಿದ್ದ. ಅವನ ಅಂಗಿಯಲ್ಲಿ ಒಂದು ಸುಕ್ಕೂ ಇಲ್ಲವೆಂದು ಉಳಿದವರು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟು ಕಾಲೆಳೆಯುತ್ತಿದ್ದದ್ದು ಕಿಟಕಿಯವರೆಗೂ ಕೇಳಿಸುತ್ತಿತ್ತು. ಅವನು ಕಾಗದದ ಚೀಲದಿಂದ ಅಂಗಿ ತೆಗೆದು ಹರಡಿದ. ಹೊಸ ಅಂಗಿ, ಎಲ್ಲೂ ಒಂದು ಎಳೆ ಜಗ್ಗಿರಲಿಲ್ಲ.

"ಎಲ್ಲಿ ಹರಿದಿದೆ?" ಅಕ್ಕ ಕೇಳಿದಳು.

"ಹರಿದಿಲ್ಲ." ಅವನು ಹಿಂದೆ ತಿರುಗಿ ಬೀದಿ ನೋಡಿಕೊಂಡ. "ನೀವೇ ಹರಿದು, ನೀವೇ ಹೊಲೀಬೇಕು. ನಾನೇ ಹರಿಯೋಣ ಅಂತಿದ್ದೆ. ಕೈ ಬರ್ಲಿಲ್ಲ."

ಅಕ್ಕ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಉಳಿದವರು ಕಳ್ಳರಾದರೂ ಕಳ್ಳತನವನ್ನು ತಾವೇ ಮಾಡಿಕೊಂಡು ಬಂದಿದ್ದರು. ಇವನು ಅದಕ್ಕೂ ಆಳು ಇಡುವವನು.

"ಬಿದ್ದಿದ್ದಕ್ಕೆ ರಫೂ ಮಾಡ್ತೀನಿ. ಬೀಳದೇ ಇರೋದಕ್ಕೆ ಮಾಡಲ್ಲ," ಅಂದಳು.

"ಕಷ್ಟ ಅನ್ಸತ್ತೆ ಅಲ್ವಾ? ನಿಜವಾಗಿ ಬಿದ್ದ ಹಾಗೇ ಕಾಣೋದು." ಅವನು ಅಂಗಿ ಮಡಚತೊಡಗಿದ. "ನಿಮ್ ಕೈಯಲ್ಲೂ ಆಗಲ್ವೇನೋ ಅಂದ್ಕೊಂಡೇ ಬಂದೆ."

ಕೆಣಕಬೇಕೆಂದು ಅಂದದ್ದಲ್ಲ ಅದು, ಸಂಕೋಚದಿಂದ ಅಂದದ್ದು. ಆದರೆ ಅಕ್ಕನಿಗೆ ನೇರ ನೆತ್ತಿಗೇರಿತು. ಅಂಗಿ ಕಸಿದುಕೊಂಡಳು. ಎರಡು ದಿನ ಅಂಚೆಯಣ್ಣನ ಪ್ಯಾಂಟನ್ನೂ ಪಕ್ಕಕ್ಕಿಟ್ಟು ಅದರಲ್ಲೇ ಮುಳುಗಿದಳು. ಎಡಗಡೆಗೆ ಬಿದ್ದರೆ ಮೊದಲು ನೆಲ ಮುಟ್ಟುವುದು ಮೊಣಕೈ ಎಂದು ಮೊಣಕೈಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ತುಣುಕು ಕತ್ತರಿಸಿದಳು. ಸುತ್ತ ಮರ ಉಜ್ಜುವ ಉಪ್ಪುಕಾಗದದಿಂದ ಒಂದೇ ದಿಕ್ಕಿಗೆ ಉಜ್ಜಿದಳು. ಎಳೆಗಳ ತುದಿಯನ್ನು ಮೇಣದಬತ್ತಿಗೆ ಹಿಡಿದು ಗಂಟು ಬರಿಸಿದಳು, ಗಂಟಿಗೆ ಬೀದಿಯ ಮಣ್ಣು ತಿಕ್ಕಿದಳು. ಅದರ ಮೇಲೆ ಕೆಂಪು ದಾರದ ರಫೂ. ಮುಗಿದ ಮೇಲೆ ದೂರ ಹಿಡಿದು ನೋಡಿದರೆ ಅವಳಿಗೇ ಮೈ ಜುಮ್ಮೆಂದಿತು. ನಿಜವಾಗಿ ಬಿದ್ದವರ ನಾಲ್ಕು ಅಂಗಿಗಳೂ ಇದರ ಮುಂದೆ ಸುಳ್ಳೆನಿಸುತ್ತಿದ್ದವು. ಕತ್ತರಿಸಿದ ತುಣುಕನ್ನು ಎಸೆಯಲು ಮನಸ್ಸು ಬಾರದೆ ಗುಂಡಿಯ ಡಬ್ಬಿಯಲ್ಲಿ ಹಾಕಿಟ್ಟಳು. ಆ ಸಂಜೆ ಊಟಕ್ಕೆ ಕೂತಾಗ ಮಗಳಿಗೆ ಅದೊಂದನ್ನು ಹೇಳಲಿಲ್ಲ. ಕಟ್ಟಳೆ ಎಂದು ತನಗೆ ತಾನೇ ಹೇಳಿಕೊಂಡಳು.

ಒಂದು ತಿಂಗಳು ಕಳೆದ ಮೇಲೆ ಮಗಳು, ಒಬ್ಬರನ್ನು ಮನೆಗೆ ಕರೆದುಕೊಂಡು ಬರುತ್ತೇನೆ, ಒಪ್ಪಿದರೆ ಮುಂದಿನ ತಿಂಗಳು ರಿಜಿಸ್ಟರ್ ಮಾಡಿಸುತ್ತೇವೆ ಅಂದಳು. ಅಕ್ಕ ಎರಡು ಕೋಣೆಯ ಮನೆಯನ್ನು ಗುಡಿಸಿ ಸಾರಿಸಿ, ಕುರ್ಚಿಯ ಕಿತ್ತ ಬಟ್ಟೆಗೆ ಹೊಸ ಗವಸು ಹೊಲಿದು ಕಾದಳು. ಬಾಗಿಲಲ್ಲಿ ನಿಂತವನು ಕನ್ನಡಕದವನು. ಅವನೂ ಅವಳನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ, ಮಗಳ ಕಡೆ ನೋಡಿ ಮುಚ್ಚಿಕೊಂಡ.

"ಎಲ್ಲಿ ಪರಿಚಯ ಆಯ್ತು?" ಎಂದು ಅಕ್ಕ ಕೇಳಿದಳು. ಧ್ವನಿ ತನ್ನದೇ ಅಲ್ಲವೇನೋ ಅನ್ನುವಂತಿತ್ತು.

"ಮೊಣಕೈಗೆ ಬ್ಯಾಂಡೇಜ್ ಹಾಕಿಸ್ಕೊಳ್ಳೋಕೆ ಬಂದಿದ್ರು," ಮಗಳು ಅಂದಳು. ತಾಯಿಯ ಮುಖವನ್ನೇ ನೋಡುತ್ತಿದ್ದಳು. "ಸೈಕಲ್ಲಿಂದ ಬಿದ್ರಂತೆ. ಅಂಗೀನೂ ಹರಿದಿತ್ತಂತೆ."

"ಹೌದಾ," ಅಂದಳು ಅಕ್ಕ, ಮತ್ತು ಹಾಲು ಉಕ್ಕುತ್ತದೆಂದು ಒಳಗೆ ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಅಂದರೆ ಆ ಬೆಪ್ಪ ಅಂಗಿಯಲ್ಲಿ ನಿಲ್ಲಿಸಲಿಲ್ಲ. ಬ್ಯಾಂಡೇಜೂ ಬೇಕಾಯಿತು ವೇಷಕ್ಕೆ. ನರ್ಸಿನ ಕಣ್ಣಿಗೆ ಮಣ್ಣೆರಚಲು ಉಪ್ಪುಕಾಗದದಿಂದ ಚರ್ಮವನ್ನೂ ಉಜ್ಜಿಕೊಂಡಿದ್ದನೋ ಏನೋ. ಮಗಳು ಮನಸ್ಸು ಕೊಟ್ಟಿದ್ದು ಒಂದು ಸುಳ್ಳು ಗಾಯಕ್ಕೆ, ಆ ಸುಳ್ಳನ್ನು ಹೊಲಿದು ಕೊಟ್ಟಿದ್ದು ಹೆತ್ತ ತಾಯಿ. ಅಕ್ಕನಿಗೆ ಅಡುಗೆಮನೆಯ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅಂದು ಸಂಜೆಯೇ ಹೇಳಬಹುದಿತ್ತು. ಊಟಕ್ಕೆ ಕೂತಾಗ ಮಗಳು ಎರಡು ಸಲ ಕೇಳಿದಳು: "ಹೇಗನ್ನಿಸ್ತಮ್ಮ? ಏನಾದ್ರೂ ಹೇಳೋದಿದೆಯಾ?" ಅಕ್ಕ ತಟ್ಟೆ ನೋಡಿಕೊಂಡು "ಒಳ್ಳೆಯವನ ಹಾಗೆ ಕಾಣ್ತಾನೆ" ಅಂದಳು. ಹೇಳಿದರೆ ಎರಡನೇ ಪ್ರಶ್ನೆ ಏನು ಬರುತ್ತದೆಂದು ಗೊತ್ತಿತ್ತು. ನಿನಗೆ ಹೇಗೆ ಗೊತ್ತು ಎಂದು ಮಗಳು ಕೇಳುತ್ತಾಳೆ. ಮರುದಿನ ಹೇಳುತ್ತೇನೆ ಅಂದುಕೊಂಡಳು. ಮರುದಿನ ಕಟ್ಟಳೆ ನೆನಪಾಯಿತು. ಹೀಗೆ ಎರಡು ವಾರ ಹೋಯಿತು. ಮನೆಯಲ್ಲಿ ನಗು ಕಡಿಮೆಯಾಯಿತು, ಅದನ್ನೂ ಅವನ ಲೆಕ್ಕಕ್ಕೇ ಬರೆದಳು. ತನ್ನ ಮೇಲೆ ಬರಬೇಕಾಗಿದ್ದ ಸಿಟ್ಟನ್ನೆಲ್ಲ ದಿನಕ್ಕಿಷ್ಟು ಅಂತ ಅವನ ಮೇಲೆ ಹಾಕುತ್ತಾ ಬಂದಳು. ಹದಿನಾಲ್ಕು ದಿನದಲ್ಲಿ ಅದು ಅವಳಿಗೆ ಧರ್ಮದ ಸಿಟ್ಟಿನ ಹಾಗೆ ಕಾಣತೊಡಗಿತು.

"ಭಾನುವಾರ ಕ್ಲಬ್ಬಿನವರು ನಮ್ಮಿಬ್ಬರಿಗೂ ಕಾಫಿ ಕುಡಿಸ್ತಾರಂತೆ. ನೀನೂ ಬಾ," ಮಗಳು ಅಂದಳು.

ಇದಕ್ಕಿಂತ ಒಳ್ಳೆಯ ಗಳಿಗೆ ಸಿಕ್ಕದು ಎಂದು ಅಕ್ಕ ಅಂದುಕೊಂಡಳು. ಬಣ್ಣ ಬಯಲಾಗುವುದಾದರೆ ಎಲ್ಲರ ಮುಂದೆ ಆಗಲಿ. ಭಾನುವಾರ ಎದ್ದವಳೇ ಪೆಟ್ಟಿಗೆಯ ತಳದಿಂದ ನೀಲಿ ರೇಷ್ಮೆಯ ಉಡುಪು ತೆಗೆದಳು. ಮದುವೆಯಾದ ವರ್ಷ ತಾನೇ ಹೊಲಿದದ್ದು, ವರ್ಷಕ್ಕೊಮ್ಮೆ ಗಾಳಿಗೆ ಹಾಕಿ ಮತ್ತೆ ಮಡಚಿಡುವಂಥದ್ದು. ಇಸ್ತ್ರಿ ಮಾಡಿದಳು. ಕನ್ನಡಿಯ ಮುಂದೆ ನಿಂತು ಕೂದಲು ಎರಡು ಸಲ ಬಿಚ್ಚಿ ಕಟ್ಟಿದಳು. ಹೇಳಬೇಕಾದ ಮಾತನ್ನು ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಬಾಯಿಪಾಠ ಮಾಡಿಕೊಂಡಳು. ಗುಂಡಿಯ ಡಬ್ಬಿಯಿಂದ ನಿಂಬೆಹಣ್ಣಿನ ಬಣ್ಣದ ತುಣುಕು ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡು ಬೀದಿ ದಾಟಿದಳು.

ಹದಿನಾಲ್ಕು ಜನ ಕಾಫಿ ಹಿಡಿದು ಸುತ್ತ ನಿಂತಿದ್ದರು. ನಡುವೆ ಕನ್ನಡಕದವನು, ಮೊಣಕೈಯಲ್ಲಿ ಕೆಂಪು ರಫೂ. ಪಕ್ಕದಲ್ಲಿ ಮಗಳು, ಅಲ್ಲಿಂದಲೇ ಡ್ಯೂಟಿಗೆ ಹೋಗಬೇಕೆಂದು ಬಿಳಿ ಅಂಗಿ, ಬೂದು ಪ್ಯಾಂಟು, ಬಲಗಾಲಿಗೆ ಕ್ಲಿಪ್ಪು. ಕ್ಯಾಪ್ಟನ್ ಭಾಷಣ ಬಿಗಿಯುತ್ತಿದ್ದ. ನಮ್ಮ ಇಸ್ತ್ರಿ ಬಿದ್ದದ್ದೇ ಒಳ್ಳೆಯದಾಯಿತು, ಬಿದ್ದದ್ದಕ್ಕೇ ಹೆಣ್ಣು ಸಿಕ್ಕಿತು ಅಂದ. ಎಲ್ಲರೂ ನಕ್ಕರು.

"ಎಲ್ಲಿ ಬಿದ್ದಿದ್ದು ಅಂತ ಕೇಳಿದ್ರಾ ಯಾರಾದ್ರೂ?" ಅಂದಳು ಅಕ್ಕ. ನಗು ನಿಂತಿತು. ಅವಳು ಅಂಗೈ ಬಿಚ್ಚಿ ತುಣುಕನ್ನು ಮೇಜಿನ ಮೇಲೆ, ಕ್ಯಾಪ್ಟನ್ ಇಳಿಸಿಟ್ಟಿದ್ದ ಕಾಫಿ ಬಟ್ಟಲಿನ ಪಕ್ಕ ಇಟ್ಟಳು. "ಇದು ಇವನ ಮೊಣಕೈದು. ರಸ್ತೆಯಲ್ಲಿ ಸಿಕ್ಕಿದ್ದಲ್ಲ, ನನ್ನ ಕತ್ತರಿಯಲ್ಲಿ ಸಿಕ್ಕಿದ್ದು. ಹೊಸ ಅಂಗಿ ತಂದು, ಬಿದ್ದ ಹಾಗೆ ಮಾಡ್ಕೊಡಿ ಅಂದ. ಉಪ್ಪುಕಾಗದ ಹಾಕಿ ಉಜ್ಜಿ, ಮೇಣದಬತ್ತಿಗೆ ಹಿಡಿದು ಮಾಡ್ಕೊಟ್ಟೆ. ಇವನು ಸೈಕಲ್ಲಿಂದ ಅಲ್ಲ, ಸ್ಟೂಲಿಂದಲೂ ಬಿದ್ದವನಲ್ಲ. ಮೈ ತುಂಬ ವೇಷ, ಒಳಗೆ ಏನೂ ಇಲ್ಲ. ನನ್ನ ಮಗಳಿಗೆ ಇಂಥವನು ಗಂಟು ಬೀಳೋದು ಬೇಡ ಅಂತ ಎಲ್ಲರ ಮುಂದೆ ಹೇಳ್ತಿದೀನಿ."

ಬಾಯಿಪಾಠ ಮಾಡಿದ್ದು ಒಂದಕ್ಷರ ತಪ್ಪದೆ ಬಂದಿತ್ತು. ಅವಳು ಕನ್ನಡಕದವನ ಮುಖ ಕಪ್ಪಿಡುವುದನ್ನು ಕಾದಳು. ಅವನು ಕೆಂಪಾದ, ಆದರೆ ಕಣ್ಣು ತಗ್ಗಿಸಲಿಲ್ಲ.

"ಹೌದು," ಅಂದ. "ನಾನು ಬಿದ್ದಿರ್ಲಿಲ್ಲ."

"ನಂಗೊತ್ತು," ಅಂದಳು ಮಗಳು.

ಅಕ್ಕ ಮಗಳ ಕಡೆ ತಿರುಗಿದಳು.

"ಮೊದಲನೇ ದಿನವೇ ಗೊತ್ತು. ತೋಳು ಮಡಚಿ ನೋಡಿದೆ, ಒಂದು ಗೀರೂ ಇರ್ಲಿಲ್ಲ. ಗಾಯ ಎಲ್ಲಿ ಅಂದೆ. ಇಲ್ಲ, ಬ್ಯಾಂಡೇಜ್ ಮಾತ್ರ ಬೇಕಿತ್ತು ಅಂದ್ರು. ಯಾಕೆ ಅಂತ ಕೇಳಿದ್ದಕ್ಕೆ ಎಲ್ಲ ಹೇಳಿದ್ರು. ಇಸ್ತ್ರಿ ಅಂತಾರೆ, ನಾಚ್ಕೆ ಆಯ್ತು ಅಂದ್ರು. ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ರಫೂ ಯಾರದು ಅಂತ ಅವರು ಹೇಳ್ಬೇಕಾಗೇ ಇರ್ಲಿಲ್ಲ. ನಿನ್ನ ಕೈ ನನಗೆ ಗೊತ್ತಿಲ್ವಾ?" ಮಗಳ ಧ್ವನಿ ಏರಲಿಲ್ಲ. ಆಸ್ಪತ್ರೆಯಲ್ಲಿ ನೋವಾಗುತ್ತದೆ ಎಂದು ಮೊದಲೇ ಹೇಳುವ ಧ್ವನಿ ಅದು. "ಮನೆಗೆ ಬಂದ ದಿನ ಅವರೇ ಹೇಳ್ತೀನಿ ಅಂದ್ರು. ನಾನೇ ಬೇಡ ಅಂದೆ. ಅಮ್ಮ ಇವತ್ತು ಊಟಕ್ಕೆ ಕೂತಾಗ ನಗ್ತಾ ಹೇಳ್ತಾಳೆ, ನೋಡಿ ಅಂದಿದ್ದೆ."

ಅಕ್ಕ ಮೇಜಿನ ಮೇಲಿನ ತುಣುಕನ್ನು ಮತ್ತೆ ಅಂಗೈಯಲ್ಲಿ ಮುಚ್ಚಿಕೊಂಡಳು.

"ಹದಿನೈದು ದಿನ ಕಾದೆ. ಇವನು ಸುಳ್ಳ, ಮದುವೆ ಆಗ್ಬೇಡ ಅಂತ ನಿಂಗೆ ಅನ್ನಿಸಿದ್ರೆ ನಮ್ಮನೇಲಿ, ನನ್ನೊಬ್ಬಳಿಗೆ ಹೇಳ್ಬಹುದಿತ್ತು. ನೀನು ಜನ ಸೇರೋವರೆಗೂ ಕಾದೆ." ಮಗಳು ನೀಲಿ ರೇಷ್ಮೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಅದಕ್ಕೆ ಅಂತ ಡ್ರೆಸ್ ಬೇರೆ ಮಾಡ್ಕೊಂಡು ಬಂದಿದೀಯ."

ಮಗಳು ಕ್ಲಿಪ್ಪು ಸರಿಯಾಗಿದೆಯೇ ಎಂದು ಬಗ್ಗಿ ನೋಡಿಕೊಂಡು ಸೈಕಲ್ ಹತ್ತಿದಳು. ಕನ್ನಡಕದವನು ಅಕ್ಕನಿಗೆ ಕೈ ಮುಗಿದು ಅವಳ ಹಿಂದೆ ಹೋದ, ಎಂದಿನ ಹಾಗೆ ಮೆಲ್ಲಗೆ. ಅವನಿಗೆ ಜೊತೆ ಸಿಗಲೆಂದು ಮಗಳು ತಿರುವಿನಲ್ಲಿ ಕಾಲೂರಿ ನಿಂತಿದ್ದು ಅಕ್ಕನಿಗೆ ಕಂಡಿತು.

ಅವಳು ಬೀದಿ ದಾಟಿ ಬಂದು ಸ್ಟೂಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಕಿಟಕಿಗೆ ನೆರಳು ಬಿತ್ತು. ಕ್ಯಾಪ್ಟನ್ ನಿಂತಿದ್ದ, ಭುಜದ ಕೆಂಪು ರಫೂವನ್ನು ಕೈಯಿಂದ ಮುಚ್ಚಿಕೊಂಡು.

"ಅಕ್ಕಾ," ಅಂದ, ತೀರ ಸಣ್ಣ ಧ್ವನಿಯಲ್ಲಿ. "ನಂದು... ಯಾರಿಗೂ ಹೇಳಲ್ಲ ತಾನೇ?"

ಅವನ ಹಿಂದೆ, ತುಸು ದೂರದಲ್ಲಿ, ಇನ್ನೂ ಮೂರು ನಾಲ್ಕು ಜನ ಅದೇ ಪ್ರಶ್ನೆ ಹಿಡಿದು ನಿಂತಂತಿತ್ತು. ಬೇರೆ ದಿನವಾಗಿದ್ದರೆ ಅವಳ ನಾಲಿಗೆಗೆ ಹತ್ತು ಉತ್ತರ ಬರುತ್ತಿದ್ದವು. ಮೂವತ್ತು ವರ್ಷ ಊರಿನ ಅರ್ಧ ಜನ ತಮ್ಮ ಹರಕನ್ನು ಹೆದರದೆ ಈ ಕಿಟಕಿಯಲ್ಲಿ ಇಟ್ಟು ಹೋಗಿದ್ದರು. ಅವರಲ್ಲಿ ಒಬ್ಬನೂ ಈ ಪ್ರಶ್ನೆ ಕೇಳಿರಲಿಲ್ಲ. ಅಕ್ಕ ತಲೆಯಾಡಿಸಿ ಕಿಟಕಿ ಮುಚ್ಚಿದಳು.

ಸಂಜೆ ಮಗಳು ಬಂದಾಗ ಅವಳ ಬಲಗಾಲಿನ ಅಂಚನ್ನು ಚೈನು ಕಚ್ಚಿ ಹರಿದಿತ್ತು. ದಾರಿಯಲ್ಲಿ ಕ್ಲಿಪ್ಪು ಬಿದ್ದುಹೋಗಿತ್ತಂತೆ. ಬಟ್ಟೆ ಬದಲಾಯಿಸಿ ಬಂದವಳು ಮಂಚದ ಮೇಲೆ ಕೂತು, ಪ್ಯಾಂಟನ್ನು ಮಡಿಲಲ್ಲಿಟ್ಟುಕೊಂಡು, ಸೂಜಿಗೆ ಕರಿ ದಾರ ಪೋಣಿಸಿದಳು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅವಳು ಒಂದು ಗುಂಡಿಯನ್ನೂ ಹಚ್ಚಿಕೊಂಡವಳಲ್ಲ.

"ಕೊಡು ಇಲ್ಲಿ," ಅಂದಳು ಅಕ್ಕ. "ಬೆಳಗ್ಗೆ ಅಷ್ಟೊತ್ತಿಗೆ ಗೊತ್ತೇ ಆಗದ ಹಾಗೆ ಮಾಡ್ಕೊಡ್ತೀನಿ."

"ಬೇಡಮ್ಮ. ಕಂಡ್ರೆ ಕಾಣ್ಲಿ."

ಮಗಳು ಗಾಯ ಹೊಲಿಯುವವರ ಹಾಗೆ ದೊಡ್ಡ ದೊಡ್ಡ ಹೊಲಿಗೆ ಹಾಕುತ್ತಿದ್ದಳು. ಒಂದೊಂದಕ್ಕೂ ಬೇರೆ ಗಂಟು. ಅಕ್ಕ ನೀಲಿ ರೇಷ್ಮೆಯಲ್ಲೇ ಎದುರಿಗೆ ಕೂತು, ಕೈಕಟ್ಟಿಕೊಂಡು, ಕೊನೆಯ ಗಂಟು ಬೀಳುವವರೆಗೂ ನೋಡಿದಳು.